ಚಳಿ ಕಾಣದ ಮೇಪಲ್

ಬೆಡೋಕ್, ಸಿಂಗಪುರ
೧೨ ಅಕ್ಟೋಬರ್ ೧೯೯೩

ಪ್ರೀತಿಯ ಭಾಗೀ,

ಮೊದಲ ಹಾಳೆಯನ್ನು ಹರಿದು ಎಸೆದೆ. ಅಭ್ಯಾಸಬಲದಿಂದ ಕೈ ತನ್ನಷ್ಟಕ್ಕೆ ‘ಚಿ. ಸೌ. ಭಾಗೀರಥಿಗೆ’ ಎಂದು ಬರೆದುಬಿಟ್ಟಿತ್ತು. ಫೆಬ್ರವರಿಯಲ್ಲಿ ಶಿವರಾಮ ಹೋದ ಮೇಲೆ ಆ ‘ಸೌ’ ಹಾಕಬಾರದಂತೆ. ಹಾಕದೆ ಬಿಟ್ಟರೆ ನನ್ನ ತಂಗಿಯಿಂದ ನಾನೇ ಏನೋ ಕಿತ್ತುಕೊಂಡ ಹಾಗಾಗುತ್ತದೆ. ಅದಕ್ಕೇ ‘ಚಿ’ಯನ್ನೂ ಬಿಟ್ಟೆ. ಇನ್ನು ಮೇಲೆ ನೀನು ಬರೀ ಭಾಗಿ.

ಹೋದ ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಇಲ್ಲಿಗೇ ಬಂದು ನಮ್ಮ ಜೊತೆ ಇರು ಎಂದು ನಾನು ಹೇಳಿದೆ. ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದೇನೆ ಎಂದೆ. ಆ ಕೆನಡಾದ ಹಿಮದಲ್ಲಿ ಒಬ್ಬಳೇ ಯಾರ ಮುಖ ನೋಡಿಕೊಂಡು ಕೂರುತ್ತೀ ಎಂದೆ. ನೀನು ಎಲ್ಲದಕ್ಕೂ ಹೂಂ ಹೂಂ ಎಂದು, ಕೊನೆಗೆ “ಹಿತ್ತಲಿನ ಮೇಪಲ್ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅಕ್ಕ” ಎಂದು ಫೋನ್ ಇಟ್ಟೆ. ಮರ! ಜನ ಮನೆ ಬಿಟ್ಟು ಬಂದಿದ್ದಾರೆ, ದೇಶ ಬಿಟ್ಟು ಬಂದಿದ್ದಾರೆ, ನಿನಗೆ ಒಂದು ಮರ ಅಡ್ಡ ಬಂತೇ? ನನಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಅದರ ಕೆಳಗೆ ನೀವಿಬ್ಬರೂ ಕುರ್ಚಿ ಹಾಕಿಕೊಂಡು ಕೂತ ಫೋಟೋ ತೆಗೆದು ನೋಡಿದೆ. ಮರವೆಲ್ಲ ಕೆಂಪು, ಶಿವರಾಮನ ತಲೆಯ ಮೇಲೂ ಒಂದು ಎಲೆ. ಸಿಟ್ಟು ಇಳಿಯಿತು.

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳು. ನಮ್ಮ ಅಂಗಳದಲ್ಲಿದ್ದ ರಂಬುಟಾನ್ ಮರ ಜೂನ್ ತಿಂಗಳ ಗಾಳಿಮಳೆಗೆ ಗೋಡೆಯ ಮೇಲೆ ಒರಗಿತು, ಕಡಿಸಿದರು. ಈಗ ಮಧ್ಯಾಹ್ನವಾದರೆ ನಮ್ಮ ಜಗಲಿಯ ಮೇಲೆ ಹಪ್ಪಳ ಸುಡಬಹುದು. ಮನೆಯ ಒಡತಿ ಮಿಸೆಸ್ ಚಿಯಾ ಪಕ್ಕದಲ್ಲೇ ಇರುವುದು, ನೆರಳಿಗೆ ಏನು ಬೇಕಾದರೂ ನೆಟ್ಟುಕೊಳ್ಳಿ ಎಂದಿದ್ದಾರೆ. ನೀನು ಮರ ಬಿಟ್ಟು ಬರಲಾರೆ ತಾನೆ? ಸರಿ, ಮರವನ್ನೇ ಇಲ್ಲಿ ಬೆಳೆಸುತ್ತೇನೆ. ಬೀಜ ಕಳಿಸು. ಅದು ಕೆಂಪಾದ ದಿನ ನೀನು ವಿಮಾನ ಹತ್ತಬೇಕು.

ನಿನ್ನ ಭಾವ ಇದನ್ನು ಕೇಳಿ, “ಎಂತ ಮಾರಾಯ್ತಿ, ಸಿಂಗಪುರದಲ್ಲಿ ಮೇಪಲ್ಲಾ? ಹಾಗಾದ್ರೆ ಒಂದು ಹಿಮಕರಡಿಯನ್ನೂ ತರಿಸು” ಎಂದು ನಕ್ಕರು. ನಗಲಿ. ಊರಿನಲ್ಲಿ, ಶಂಕರಪುರದಲ್ಲಿ, ನಾವು ಮಲ್ಲಿಗೆ ಬೆಳೆಸಿದವರು. ನನ್ನ ಕೈಯಲ್ಲಿ ಇದುವರೆಗೆ ಒಂದು ಗಿಡವೂ ಸತ್ತಿಲ್ಲ.

ನಿನ್ನ ಅಕ್ಕ


ಹ್ಯಾಮಿಲ್ಟನ್
೮ ನವೆಂಬರ್ ೧೯೯೩

ಅಕ್ಕ,

ನೀನು ಕೇಳಿದ್ದನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಪ್ರತಿ ಬೀಜಕ್ಕೂ ಒಂದೊಂದು ರೆಕ್ಕೆ ಇದೆ, ಗಾಬರಿಯಾಗಬೇಡ, ಹುಳವಲ್ಲ. ಇವು ಹಾಗೇ ಮಣ್ಣಿಗೆ ಹಾಕಿದರೆ ಮೊಳೆಯುವುದಿಲ್ಲ. ಮೂರು ತಿಂಗಳಾದರೂ ಚಳಿಯಲ್ಲಿ ಮಲಗಬೇಕು. ಚಳಿ ಮುಗಿಯಿತು ಎಂದು ಖಾತ್ರಿಯಾದ ಮೇಲೇ ಏಳುವುದು.

ಎಲೆಯೆಲ್ಲ ಬಿದ್ದಿದೆ. ಇಲ್ಲಿ ಎಲ್ಲರೂ ಗುಡಿಸಿ ಚೀಲಕ್ಕೆ ತುಂಬುತ್ತಾರೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಆ ಕೆಲಸ ಅವರದ್ದಾಗಿತ್ತು. ಈ ವರ್ಷ ನಾನು ಗುಡಿಸಲಿಲ್ಲ.

ಬೀಜ ಬೆಳೆದರೆ ಬೆಳೆಯಲಿ ಅಕ್ಕ. ಆದರೆ ಅದಕ್ಕೂ ನಾನು ಬರುವುದಕ್ಕೂ ಗಂಟು ಹಾಕಬೇಡ. ಭಾವನಿಗೆ ನಮಸ್ಕಾರ, ನವ್ಯಶ್ರೀಗೆ ಮುತ್ತು.

ಭಾಗಿ


ಬೆಡೋಕ್
೨೦ ಮಾರ್ಚ್ ೧೯೯೪

ಪ್ರೀತಿಯ ಭಾಗೀ,

ಹುಟ್ಟಿದವು! ಐದು! ಎರಡೆರಡು ಉದ್ದನೆಯ ಎಲೆ ಬಿಟ್ಟುಕೊಂಡು ನಿಂತಿವೆ. ಒಂದಕ್ಕೆ ಇನ್ನೂ ರೆಕ್ಕೆ ಅಂಟಿಕೊಂಡೇ ಇದೆ, ಹಾರಿ ವಾಪಸು ಹೋಗುವ ಯೋಚನೆ ಇದ್ದ ಹಾಗೆ.

ಈ ಮೂರು ತಿಂಗಳು ನಮ್ಮ ಫ್ರಿಜ್ಜಿನಲ್ಲಿ ನಡೆದದ್ದು ಒಂದು ಯಕ್ಷಗಾನ. ಬೀಜವನ್ನು ಒದ್ದೆ ಮರಳಿನ ಜೊತೆ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಕೆಳಗಿನ ಅಂತಸ್ತಿನಲ್ಲಿಟ್ಟೆ. ಮೇಲೆ ಬಂಗುಡೆ ಮೀನು, ಪಕ್ಕದಲ್ಲಿ ದೋಸೆಹಿಟ್ಟು. ಒಂದು ದಿನ ನಿನ್ನ ಭಾವ ಅದೇನೋ ಹೊಸ ನಮೂನೆಯ ಮಸಾಲೆ ಎಂದು ಚಮಚ ಹಾಕಿಬಿಟ್ಟಿದ್ದರು. ನವ್ಯಶ್ರೀಯ ಗೋಳು ಬೇರೆ, ಇಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ: “ಅಮ್ಮಾ, ಐಸ್‌ಕ್ರೀಮ್ ಇಡೋಕೇ ಪ್ಲೇಸ್ ಇಲ್ಲ ಲಾ! ಹೂ ಕೀಪ್ಸ್ ಎ ಟ್ರೀ ಇನ್ ದ ಫ್ರಿಜ್?” ಅವಳಿಗೀಗ ಹದಿನಾಲ್ಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಬೈದೆ. ಮರ ಯಾಕೆ ಬಗ್ಗಬೇಕು ಎಂದು ತಿರುಗಿ ಕೇಳಿತು ಆ ಹುಡುಗಿ.

ನಿನ್ನ ಭಾವನ ಟುವಾಸ್ ಫ್ಯಾಕ್ಟರಿಯವರು ಇಂಡೋನೇಷ್ಯಾದ ಬಾತಾಮ್ ದ್ವೀಪದಲ್ಲಿ ಹೊಸ ಶಾಖೆ ತೆರೆದಿದ್ದಾರೆ. ಇವರನ್ನೇ ಅಲ್ಲಿಗೆ ಹಾಕಿದ್ದು. ಸೋಮವಾರ ಬೆಳಿಗ್ಗೆ ಹಡಗು ಹತ್ತಿದರೆ ಬರುವುದು ಶುಕ್ರವಾರ ಸಂಜೆ. ಒಳ್ಳೆಯದೇ ಆಯಿತು, ನನಗೆ ಅಡಿಗೆ ಕೆಲಸ ಕಮ್ಮಿ.

ಬರೀ ನೋಡಿಕೊಂಡು ಹೋಗಲಿಕ್ಕಾದರೂ ಒಮ್ಮೆ ಬಾ ಭಾಗೀ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಪಾಸ್‌ಪೋರ್ಟಿನ ಅವಧಿ ಮುಗಿದಿಲ್ಲ ತಾನೆ? ಈ ಪತ್ರ ಮುಟ್ಟಿದ ಕೂಡಲೇ ನೋಡಿ ತಿಳಿಸು.

ನಿನ್ನ ಅಕ್ಕ


ಬೆಡೋಕ್
೯ ಅಕ್ಟೋಬರ್ ೧೯೯೪

ಭಾಗೀ,

ಆರು ತಿಂಗಳಲ್ಲಿ ನಿನ್ನಿಂದ ಬಂದದ್ದು ಒಂದು ಗ್ರೀಟಿಂಗ್ ಕಾರ್ಡ್. ಅದರಲ್ಲಿ ಎರಡು ಸಾಲು. ಪಾಸ್‌ಪೋರ್ಟಿನ ಸುದ್ದಿಯೇ ಇಲ್ಲ. ಇರಲಿ, ನನಗೆ ಬರೆಯಲು ಬೇಕಾದಷ್ಟಿದೆ.

ಇಲ್ಲಿ ಊರೆಲ್ಲ ಹೊಗೆ. ಇಂಡೋನೇಷ್ಯಾದಲ್ಲಿ ಕಾಡಿಗೆ ಬೆಂಕಿ ಬಿದ್ದಿದೆಯಂತೆ. ಅದರ ಹೊಗೆ ಸಮುದ್ರ ದಾಟಿ ಬಂದು ನಮ್ಮ ಬಟ್ಟೆಯಲ್ಲಿ, ಅನ್ನದಲ್ಲಿ, ತಲೆದಿಂಬಿನಲ್ಲಿ ಕೂತಿದೆ. ಕಿಟಕಿ ತೆರೆದರೆ ಕೆಮ್ಮು, ಮುಚ್ಚಿದರೆ ಸೆಕೆ. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೇನೆ. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತೇನೆ.

ಐದು ಸಸಿಗಳಲ್ಲಿ ಈಗ ಉಳಿದದ್ದು ಒಂದು. ಉಳಿದವು ಬಿಸಿಲಿಗೆ ಅಂಚು ಸುಟ್ಟು ಹೋದವು. ಇದನ್ನು ರಂಬುಟಾನ್ ಇದ್ದ ಜಾಗದಲ್ಲೇ ಅಂಗಳಕ್ಕೆ ಇಳಿಸಿದ್ದೇನೆ, ಮೊಣಕಾಲೆತ್ತರ. ಬೆಳಿಗ್ಗೆ ಹನ್ನೊಂದಾದರೆ ಕೋಲಿಗೆ ಕಟ್ಟಿದ ಕಪ್ಪು ಕೊಡೆಯನ್ನು ಅದರ ಮೇಲೆ ಬಿಡಿಸುತ್ತೇನೆ. ಮಿಸೆಸ್ ಚಿಯಾ ಗೋಡೆಯ ಆಚೆಯಿಂದ ಕೇಳಿದರು, “ವತ್ಸಲಾ, ಮರ ನಿನಗೆ ನೆರಳು ಕೊಡಬೇಕೋ, ನೀನು ಮರಕ್ಕೆ ನೆರಳು ಕೊಡಬೇಕೋ?” ಅವರದ್ದು ಒಂದೇ ಹಟ, ಕೆತಾಪಾಂಗ್ ನೆಡು ಲಾ, ಅದೂ ಕೆಂಪಾಗುತ್ತದೆ ಲಾ ಎಂದು. ಯಾವ ಮರ ಎಂದು ಹೋಗಿ ನೋಡಿದರೆ ನಮ್ಮ ಶಾಲೆಯ ಹಿಂದಿನ ಕಾಡುಬಾದಾಮಿ! ಅದು ನನಗೆ ಯಾಕೆ? ಅದರ ಕೆಳಗೆ ನೀನು ಶಿವರಾಮನ ಜೊತೆ ಕೂತವಳಲ್ಲ.

ಒಂದು ಸಂತೋಷದ ಸುದ್ದಿ. ಇಲ್ಲೇ ಹತ್ತಿರದಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬ್ ಇದೆ. ನೀನು ಅಲ್ಲಿ ಮಾಡುವ ಕೆಲಸವೇ. ನಾನು ಹೋಗಿ ನಿನ್ನ ವಿಷಯವೆಲ್ಲ ಹೇಳಿ, ಜನವರಿಗೆ ಬರುತ್ತಾಳೆ ಎಂದಿದ್ದೇನೆ. ನಿನ್ನ ಆಸ್ಪತ್ರೆಯ ಫೋನ್ ನಂಬರನ್ನೂ ಕೊಟ್ಟಿದ್ದೇನೆ. ಬೇಡ ಎನ್ನಬೇಡ. ಕೆಲಸ ಇದ್ದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ.

ನಿನ್ನ ಅಕ್ಕ


ಹ್ಯಾಮಿಲ್ಟನ್
೪ ಡಿಸೆಂಬರ್ ೧೯೯೪

ಅಕ್ಕ,

ಹೋದ ವಾರ ನಾನು ಡ್ಯೂಟಿಯಲ್ಲಿದ್ದಾಗ ಸಿಂಗಪುರದಿಂದ ಯಾರೋ ಫೋನ್ ಮಾಡಿ, ಯಾವ ತಾರೀಕಿಗೆ ಬಂದು ಸೇರುತ್ತೀರಿ ಎಂದು ಕೇಳಿದರು. ನಮ್ಮ ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದಳು. ಕೆಲಸ ಬಿಡುತ್ತಿದ್ದೀಯಾ, ನಮಗೆ ಹೇಳಲೇ ಇಲ್ಲವಲ್ಲ ಎಂದು ಅವಳ ಮುಖ ಸಣ್ಣದಾಯಿತು. ನನಗೆ ಎಷ್ಟು ನಾಚಿಕೆಯಾಯಿತು ಎಂದು ನಿನಗೆ ಗೊತ್ತಿಲ್ಲ.

ನನಗೆ ಕೆಲಸ ಇದೆ ಅಕ್ಕ. ಮನೆ ಇದೆ. ಶನಿವಾರ ಪಕ್ಕದ ಮನೆಯ ಮುದುಕಿ ಸೂಪ್ ತರುತ್ತಾಳೆ, ನಾನು ಅವಳಿಗೆ ನೀರುದೋಸೆ ಕೊಡುತ್ತೇನೆ. ಅವಳು ಏನೂ ಕೇಳುವುದಿಲ್ಲ. ಹಿತ್ತಲಿನ ಮರ ಬೋಳಾಗಿ ನಿಂತಿದೆ. ಯಾಕೆ ಹೀಗೆ ಬೋಳಾದೆ, ಯಾವಾಗ ಚಿಗುರುತ್ತೀ ಎಂದು ಇಲ್ಲಿ ಯಾರೂ ಅದರ ಬೆನ್ನು ಹತ್ತುವುದಿಲ್ಲ. ಅದನ್ನು ನೋಡಿದರೆ ನನಗೆ ಸಮಾಧಾನ. ನನ್ನನ್ನೂ ಹಾಗೆ ಬಿಡಬಾರದೇ?

ನೀನು ಕೆಟ್ಟದ್ದು ಬಯಸುವವಳಲ್ಲ, ಗೊತ್ತು. ಆದರೆ ನಿನ್ನ ಒಂದೊಂದು ಪತ್ರ ಬಂದಾಗಲೂ ಮಲಗಿದವಳನ್ನು ಯಾರೋ ಭುಜ ಹಿಡಿದು ಎಬ್ಬಿಸಿದ ಹಾಗಾಗುತ್ತದೆ. ಇನ್ನು ನನಗೆ ಕೆಲಸ ಹುಡುಕಬೇಡ, ದಯವಿಟ್ಟು.

ಭಾಗಿ


ಬೆಡೋಕ್
೧೫ ಆಗಸ್ಟ್ ೧೯೯೫

ಪ್ರೀತಿಯ ಭಾಗೀ,

ನೀನು ಹಾಗೆ ಬರೆದ ಮೇಲೆ ಎಂಟು ತಿಂಗಳು ನಾನು ಪೆನ್ನು ಮುಟ್ಟಲಿಲ್ಲ. ಎಬ್ಬಿಸುವುದು ಬೇಡ ಎಂದೆಯಲ್ಲ, ಎಬ್ಬಿಸಲಿಲ್ಲ. ಆದರೆ ಇವತ್ತು ಬರೆಯದೆ ಇರಲಾರೆ. ಕವರಿನಲ್ಲಿ ಫೋಟೋ ಇದೆ. ಮೊದಲು ಅದನ್ನು ನೋಡಿ ಆಮೇಲೆ ಓದು.

ನೋಡಿದೆಯಾ? ಕೆಂಪಾಯಿತು! ನಿನ್ನ ಮೇಪಲ್ ನನ್ನ ಅಂಗಳದಲ್ಲಿ ಕೆಂಪಾಯಿತು!

ಹೇಗೆಂದು ಹೇಳುತ್ತೇನೆ. ಈ ಗಿಡ ನನ್ನ ಸೊಂಟದವರೆಗೆ ಬೆಳೆದಿತ್ತು, ಆದರೆ ವರ್ಷವಿಡೀ ಹಸಿರು. ಎಲೆ ಬೀಳುವುದೂ ಇಲ್ಲ, ಬಣ್ಣ ತಿರುಗುವುದೂ ಇಲ್ಲ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎನ್ನುವ ಹಾಗೆ, ಚಳಿ ಇಲ್ಲದೆ ಎಲೆ ಬೀಳದು, ಎಲೆ ಬೀಳದೆ ಬಣ್ಣ ಬಾರದು. ಒಂದು ದಿನ ತಲೆಗೆ ಹೊಳೆಯಿತು. ನಾವು ಮಲ್ಲಿಗೆಗೆ ಏನು ಮಾಡುತ್ತಿದ್ದೆವು? ನೀರು ನಿಲ್ಲಿಸಿ, ಕೈಯಿಂದ ಎಲೆ ಸವರಿ ಬೋಳು ಮಾಡುತ್ತಿದ್ದೆವು. ಸ್ವಲ್ಪ ದಿನ ಕಂಗಾಲಾಗಿ ನಿಂತು, ಆಮೇಲೆ ಮೈತುಂಬ ಚಿಗುರಿ ಮೊಗ್ಗು ಬಿಡುತ್ತಿತ್ತು. ಅಪ್ಪ “ಗಿಡಕ್ಕೆ ಹೆದರಿಕೆ ಹುಟ್ಟಿಸ್ಬೇಕು” ಎನ್ನುತ್ತಿದ್ದರಲ್ಲ. ಅದನ್ನೇ ಮಾಡಿದೆ. ಜುಲೈಯಲ್ಲಿ ಕೂತು ಒಂದೊಂದೇ ಎಲೆ ಕಿತ್ತೆ. ಇಲ್ಲಿಯ ಮಳೆ ಹೇಳದೆ ಕೇಳದೆ ಬರುವುದರಿಂದ ನಾಲ್ಕು ಕಂಬ ನೆಟ್ಟು ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ಮಿಸೆಸ್ ಚಿಯಾ ಓಡಿ ಬಂದು ಪಿಸುದನಿಯಲ್ಲಿ, “ಮನೆಯಲ್ಲಿ ಯಾರಾದರೂ ತೀರಿಕೊಂಡರಾ?” ಎಂದರು. ಇಲ್ಲಿಯ ಚೀನಿಯರು ಸಾವಿನ ಮನೆಗೆ ಹಾಗೆ ಚಪ್ಪರ ಹಾಕುವುದು.

ಎರಡೇ ವಾರ. ತುದಿತುದಿಯಲ್ಲಿ ಕುಂಕುಮದ ಬಣ್ಣ. ನವ್ಯಶ್ರೀ ಕೂಡ ಕೋಣೆಯಿಂದ ಹೊರಗೆ ಬಂದು “ವಾ, ಚೆನ್ನಾಗಿದೆ ಲಾ” ಎಂದಳು. ಅವಳು ನನ್ನ ಜೊತೆ ಮಾತಾಡಿ ಎಷ್ಟೋ ದಿನವಾಗಿತ್ತು.

ಈಗ ನಿನ್ನ ಸರದಿ. ನವೆಂಬರಿನ ಟಿಕೆಟ್ ಬುಕ್ ಮಾಡು. ಕೋಣೆಗೆ ಇನ್ನೊಮ್ಮೆ ಬಣ್ಣ ಹೊಡೆಸುತ್ತಿದ್ದೇನೆ. ಹಾಸಿಗೆಯ ಬಟ್ಟೆಯನ್ನು ನಿನ್ನೆಯೇ ತಂದೆ.

ನಿನ್ನ ಅಕ್ಕ


ಹ್ಯಾಮಿಲ್ಟನ್
೧೦ ಸೆಪ್ಟೆಂಬರ್ ೧೯೯೫

ಅಕ್ಕ,

ಫೋಟೋವನ್ನು ಕಿಟಕಿಯ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದೆ. ಕೊಡೆ ಹಿಡಿದುಕೊಂಡು ನಿಂತ ನಿನ್ನನ್ನೂ ನೋಡಿದೆ. ಎಷ್ಟು ಬಡಕಲಾಗಿದ್ದೀ!

ಹೇಗೆ ಹೇಳಲಿ? ಅದು ಆ ಕೆಂಪಲ್ಲ ಅಕ್ಕ. ಈ ಮರಕ್ಕೆ ಎರಡು ಕೆಂಪು ಉಂಟು. ಒಂದು ಎಲೆ ಬೀಳುವ ಮುಂಚಿನದು, ಇನ್ನೊಂದು ಆಗಷ್ಟೇ ಹುಟ್ಟಿದ ಚಿಗುರಿನದು. ಮಾವಿನ ಚಿಗುರು ಕೆಂಪಾಗಿರುವುದಿಲ್ಲವೇ, ಹಾಗೆ. ನೀನು ನೋಡಿದ್ದು ಎಳೆಯ ಕೆಂಪು. ಇಷ್ಟು ಹೊತ್ತಿಗೆ ಹಸಿರಾಗಿರುತ್ತದೆ.

ಮಲ್ಲಿಗೆಯ ಬುದ್ಧಿ ಇದಕ್ಕೆ ಬೇಡ. ಪ್ರತಿ ಚಿಗುರಿಗೂ ಅದು ಒಳಗಿನ ಶಕ್ತಿಯನ್ನು ಖರ್ಚು ಮಾಡುತ್ತದೆ. ಇಲ್ಲಿ ಐದು ತಿಂಗಳು ಮಲಗಿ ಆ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಅಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಅದರ ಮೇಲೆ ನೀನು ಬೇರೆ ಬರಿದು ಮಾಡಿ ಎಬ್ಬಿಸುತ್ತಿದ್ದೀ. ಇನ್ನೊಮ್ಮೆ ಎಲೆ ಕೀಳಬೇಡ. ಕಿತ್ತರೆ ಸಾಯುತ್ತದೆ.

ನವೆಂಬರಿಗೆ ನಾನು ಬರುವುದಿಲ್ಲ.

ಒಂದು ಮಾತು ಕೇಳಲೇ? ಎರಡು ವರ್ಷದಿಂದ ಬರೆಯುತ್ತಿದ್ದೀ. ಗಿಡದ ಸುದ್ದಿ ಬಂತು, ಕೋಣೆಯ ಸುದ್ದಿ ಬಂತು, ಮಿಸೆಸ್ ಚಿಯಾ ಸುದ್ದಿ ಬಂತು. ನಿನ್ನ ಸುದ್ದಿ ಎಲ್ಲಿ? ನೀನು ನಿದ್ದೆ ಮಾಡುತ್ತೀಯಾ ಅಕ್ಕ?

ಭಾಗಿ


ಬೆಡೋಕ್
೪ ಫೆಬ್ರವರಿ ೧೯೯೬

ಪ್ರೀತಿಯ ಭಾಗೀ,

ಬರೆಯುವುದು ತಡವಾಯಿತು. ಇಲ್ಲಿ ಎಲ್ಲರೂ ಆರಾಮ. ಚೀನಿಯರ ಹೊಸ ವರ್ಷ ಹತ್ತಿರ ಬಂತು, ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಮಿಸೆಸ್ ಚಿಯಾ ಕಿತ್ತಳೆ ಹಣ್ಣು ಕೊಟ್ಟರು, ನಾನು ಚಕ್ಕುಲಿ ಕೊಟ್ಟೆ. ನವ್ಯಶ್ರೀಗೆ ಈ ವರ್ಷ ದೊಡ್ಡ ಪರೀಕ್ಷೆ, ಶಾಲೆ ಬಿಟ್ಟರೆ ಟ್ಯೂಷನ್, ಟ್ಯೂಷನ್ ಬಿಟ್ಟರೆ ಬ್ಯಾಂಡ್ ಪ್ರ್ಯಾಕ್ಟೀಸ್.

ಗಿಡ ಚೆನ್ನಾಗಿದೆ. ನೀನು ಹೇಳಿದ ಹಾಗೆಯೇ ಅದರಷ್ಟಕ್ಕೆ ಬಿಟ್ಟಿದ್ದೇನೆ. ಹೊಸ ಕವಲು ಒಡೆದಿದೆ. ಇನ್ನೆರಡು ವರ್ಷದಲ್ಲಿ ಅದರ ಕೆಳಗೆ ಕುರ್ಚಿ ಹಾಕಬಹುದು.

ನನಗೇನು, ನಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ. ನೀನು ಸುಮ್ಮನೆ ಏನೇನೋ ಯೋಚಿಸಬೇಡ. ಬರುವ ಬಗ್ಗೆ ಮಾತ್ರ ಯೋಚಿಸು. ನಿನ್ನ ಒಳ್ಳೆಯದಕ್ಕೇ ಹೇಳುವುದು.

ನಿನ್ನ ಅಕ್ಕ


ಬಾತಾಮ್
೬ ಫೆಬ್ರವರಿ ೧೯೯೬

ಚಿ. ಭಾಗೀರಥಿಗೆ ಜಯರಾಮ ಭಾವನ ಆಶೀರ್ವಾದಗಳು.

ನಾನು ಪತ್ರ ಬರೆಯುವವನಲ್ಲ, ನಿನಗೆ ಗೊತ್ತು. ಇದು ವತ್ಸಲನಿಗೆ ತಿಳಿಯದೆ ಬರೆದದ್ದು. ಭಾನುವಾರ ಅವಳು ನಿನಗೆ ಬರೆಯುತ್ತಿದ್ದಳು. ಗಿಡ ಹೇಗುಂಟು ಅಂತ ಬರೆದೆ ಎಂದು ಕೇಳಿದೆ. “ಚೆನ್ನಾಗುಂಟು ಅಂತ” ಎಂದಳು. ಗಿಡ ಸತ್ತು ಎರಡು ತಿಂಗಳಾಯಿತು.

ನೀನು ಬೇಡ ಎಂದ ಮೇಲೂ ಅವಳು ಇನ್ನೆರಡು ಸಲ ಎಲೆ ಕಿತ್ತಳು. ಚಿಗುರಿನ ಕೆಂಪಾದರೇನು, ಭಾಗಿಗೆ ಕಾಣಲಿಕ್ಕೆ ಕೆಂಪಾದರೆ ಸಾಕು ಎಂದಳು. ನವೆಂಬರಿನಲ್ಲಿ ಅದಕ್ಕೆ ಚಳಿ ತೋರಿಸುತ್ತೇನೆಂದು ಬೆಡೋಕ್ ಮಾರ್ಕೆಟ್ಟಿನ ಮೀನಿನ ಅಂಗಡಿಯಿಂದ ಐಸ್ ತಂದು ಬುಡಕ್ಕೆ ಸುರಿದಳು. ದಿನಾ. ಊರಿನ ಬೆಕ್ಕುಗಳೆಲ್ಲ ಬಂದು ಅಂಗಳದಲ್ಲಿ ಸಭೆ ಸೇರಿದವು. ನಾನು ನಕ್ಕೆ, ಅವಳು ನಗಲಿಲ್ಲ. ಡಿಸೆಂಬರಿನಲ್ಲಿ ಉಗುರಿನಿಂದ ತೊಗಟೆ ಕೆರೆದು ನೋಡಿದೆ, ಒಳಗೆಲ್ಲ ಕಂದು. ಅವಳು ಇನ್ನೂ ನೀರು ಹಾಕುತ್ತಾಳೆ. ಯಾರಾದರೂ ಕೇಳಿದರೆ, “ನಿದ್ದೆ ಮಾಡ್ತಾ ಉಂಟು, ಚಳಿಗಾಲ ಅಲ್ವಾ” ಎನ್ನುತ್ತಾಳೆ.

ಗಿಡದ ವಿಷಯ ಹೋಗಲಿ. ಊರಿನ ಪಶ್ಚಿಮ ತುದಿಯ ಟುವಾಸಿನಲ್ಲಿ ನನ್ನ ಜೊತೆಗಿದ್ದ ರಘುನಾಥ್ ಮೊನ್ನೆ ಫೋನ್ ಮಾಡಿ, “ಜಯರಾಮಣ್ಣ, ಅತ್ತಿಗೆ ನಮ್ಮ ಕಡೆ ಎಲ್ಲಿಯಾದರೂ ಕೆಲಸಕ್ಕೆ ಸೇರಿದ್ದಾರಾ?” ಎಂದು ಕೇಳಿದ. ಹಗಲು ಹೊತ್ತಿನಲ್ಲಿ ಅವಳನ್ನು ಎಂ.ಆರ್.ಟಿ. ರೈಲಿನಲ್ಲಿ ಎಷ್ಟೋ ಸಲ ನೋಡಿದ್ದಾನೆ. ಬೆಡೋಕಿನಲ್ಲಿ ಹತ್ತಿ ಪಶ್ಚಿಮದ ಕೊನೆಯ ಸ್ಟೇಷನ್ ಬೂನ್ ಲೇ ತನಕ ಕೂತು, ಅದೇ ರೈಲಿನಲ್ಲಿ ವಾಪಸು. ಇಳಿಯುವುದಿಲ್ಲ. ನಾನು ಕೇಳಿದೆ. ಮೊದಲು, “ಎ.ಸಿ. ಉಂಟಲ್ಲ, ಮೇಪಲ್ಲಿಗೆ ಎಷ್ಟು ಚಳಿ ಬೇಕು ಅಂತ ನೋಡ್ಲಿಕ್ಕೆ ಹೋದದ್ದು” ಎಂದಳು. ಆಮೇಲೆ ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು: “ಮನೆಯಲ್ಲಿ ಕೂರ್ಲಿಕ್ಕೆ ಆಗುದಿಲ್ಲ. ಓಡುವ ರೈಲಲ್ಲಾದ್ರೆ ಕೂರ್ಬಹುದು.”

ನಾನು ಐದು ದಿನ ಇಲ್ಲಿ. ನವ್ಯ ಕತ್ತಲಾದ ಮೇಲೆ ಬಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಇವಳು ಬೆಳಿಗ್ಗೆ ಮೂವರಿಗೆ ಅಡಿಗೆ ಮಾಡಿಟ್ಟು, ಊಟಕ್ಕೆ ಒಬ್ಬಳೇ ಕೂರಲಾಗದೆ ಎದ್ದು ಹೋಗುತ್ತಾಳೆ. ತುಳುವಿನಲ್ಲಿ ಮಾತಾಡಲು ಜನವಿಲ್ಲ. ಬಾತಾಮ್ ಬಿಡಿಸಿ ಎಂದು ಕೇಳಿದ್ದೇನೆ. ಈ ವರ್ಷ ಸಾಧ್ಯವಿಲ್ಲ ಎನ್ನುತ್ತಾರೆ.

ನೀನು ಬಾ ಎಂದು ನಾನು ಹೇಳುವುದಿಲ್ಲ. ನಿನ್ನ ದುಃಖ ನಿನಗೆ ಉಂಟು. ನೀನು ಒಬ್ಬಳೇ ಆದೆ ಎಂದು ಅವಳು ಕಣ್ಣೀರು ಹಾಕುವಾಗ ಒಬ್ಬಳೇ ಆದದ್ದು ಯಾರು ಎಂದು ನನಗೆ ಗೊತ್ತಾಗುವುದಿಲ್ಲ. ಅಷ್ಟು ಹೇಳಲಿಕ್ಕೆ ಬರೆದೆ.

ಜಯರಾಮ


ಹ್ಯಾಮಿಲ್ಟನ್
೧೭ ಮಾರ್ಚ್ ೧೯೯೬

ಪ್ರೀತಿಯ ಅಕ್ಕ,

ಭಾವ ಬರೆದಿದ್ದಾರೆ. ಅವರ ಮೇಲೆ ಸಿಟ್ಟು ಮಾಡಬೇಡ. ಗಿಡ ಹೋದದ್ದು ಗೊತ್ತಾಯಿತು. ರೈಲಿನ ವಿಷಯವೂ ಗೊತ್ತಾಯಿತು.

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ನಿನಗೆ ಇಪ್ಪತ್ತು. ಹದಿಮೂರನೆಯ ದಿನ ಮನೆ ತುಂಬ ಜನ. ನೀನು ಒಲೆಯ ಮುಂದೆ ನಿಂತು ಒಂದೇ ಸಮನೆ ವಡೆ ಕರಿಯುತ್ತಿದ್ದೆ. ಯಾರೋ ಸ್ವಲ್ಪ ಕೂತುಕೋ ಮಗಾ ಎಂದರು. “ನನಗೆಂತ ಆಗಿದೆ? ಭಾಗಿಗೆ ಬಡಿಸಿ” ಎಂದೆ. ಅಂದಿನಿಂದ ಇಂದಿನವರೆಗೆ ನೀನು ಕೂತದ್ದನ್ನು ನಾನು ನೋಡಿಲ್ಲ. ನನಗೆ ಜಡೆ ಹಾಕಿದ್ದು ನೀನು, ಓದಿಸಿದ್ದು ನೀನು, ಶಿವರಾಮನನ್ನು ಮದುವೆಗೆ ಒಪ್ಪಿಸಿದ್ದು ನೀನು. ನಿನಗೆ ಏನು ಬೇಕು ಎಂದು ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ. ನಮಗೂ ಕೇಳುವ ಬುದ್ಧಿ ಬರಲಿಲ್ಲ.

ಎರಡೂವರೆ ವರ್ಷದಿಂದ ಬಾ ಬಾ ಎಂದು ಕರೆಯುತ್ತಿದ್ದೀ. ಪ್ರತಿ ಸಲವೂ ನನ್ನ ಒಳ್ಳೆಯದಕ್ಕೆ. ನನ್ನ ಒಳ್ಳೆಯದಕ್ಕೆ ನಾನು ಬರುವುದಿಲ್ಲ ಅಕ್ಕ. ನಾನಿಲ್ಲಿ ನಿಧಾನವಾಗಿ ಸರಿಯಾಗುತ್ತಿದ್ದೇನೆ. ನನಗೆ ಇದೇ ಬೇಕು.

ಆದರೆ ನಿನಗೆ ನಾನು ಬೇಕಾದರೆ ಅದು ಬೇರೆ ಮಾತು. ಆಸ್ಪತ್ರೆಯಲ್ಲಿ ಆರು ತಿಂಗಳ ರಜೆ ಕೊಡುತ್ತಾರೆ, ವಿಚಾರಿಸಿದ್ದೇನೆ. ರಜೆ ಮುಗಿದ ಮೇಲೆ ತಿರುಗಿ ಇಲ್ಲಿಗೇ ಬರುತ್ತೇನೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆ ಆರು ತಿಂಗಳು ಮಾತ್ರ ಪೂರ್ತಿ ನಿನ್ನದು. ಭ್ರಮೆ ಬೇಡ, ಭಾವ ಕರೆದರೆ ಬರುವವಳಲ್ಲ ನಾನು. ನೀನೇ ಬರೆಯಬೇಕು. ನನಗೋಸ್ಕರ ಎಂದಲ್ಲ, ನಿನಗೋಸ್ಕರ ಎಂದು. ಒಂದು ಸಾಲು ಸಾಕು.

ಭಾಗಿ


ಬೆಡೋಕ್
೨ ಏಪ್ರಿಲ್ ೧೯೯೬

ಭಾಗೀ,

ನಿನ್ನ ಭಾವನಿಗೆ ಬಾತಾಮಿನಲ್ಲಿ ಕೆಲಸ ಕಮ್ಮಿ ಇರಬೇಕು, ಕೂತು ಕತೆ ಕಟ್ಟುತ್ತಾರೆ. ಮಾರ್ಕೆಟ್ಟಿಗೆ ಹೋಗುವವಳು ಒಂದೆರಡು ಸಲ ರೈಲು ಹತ್ತಿದರೆ ಅದೂ ಒಂದು ಸುದ್ದಿಯೇ? ರಘುನಾಥನಿಗಾದರೂ ಮಾಡಲು ಬೇರೆ ಕೆಲಸವಿಲ್ಲವೇ?

ನನಗೇನು ಕಮ್ಮಿ? ಮನೆ ಇದೆ, ಗಂಡ ಇದ್ದಾರೆ, ಮಗಳು ಕ್ಲಾಸಿಗೆ ಮೊದಲು. ದಿನಕ್ಕೆ ಹತ್ತು ಕೆಲಸ. ಹಳೆಯದನ್ನೆಲ್ಲ ಕೆದಕಿ, ವಡೆ ಕರಿದದ್ದನ್ನು ಇಷ್ಟು ವರ್ಷದ ಮೇಲೆ ನನಗೆ ನೆನಪಿಸುತ್ತೀಯಲ್ಲ, ಆ ದಿನ ನಾನು ಕೂತಿದ್ದರೆ ಆ ಮನೆಯಲ್ಲಿ ಎದ್ದು ನಿಲ್ಲುವವರು ಯಾರಿದ್ದರು?

ನೀನು ಬರುವುದಾದರೆ ಬಾ, ನಿನ್ನ ಆರೋಗ್ಯಕ್ಕೆ ಇಲ್ಲಿಯ ಹವೆ ಒಳ್ಳೆಯದು. ಬಾರದಿದ್ದರೆ ಬಿಡು. ನನಗೋಸ್ಕರ ಯಾರೂ ರಜೆ ಹಾಕಬೇಕಾಗಿಲ್ಲ.

ನಿನ್ನ ಅಕ್ಕ


ಬೆಡೋಕ್
೧೯ ಏಪ್ರಿಲ್ ೧೯೯೬

ಭಾಗೀ,

ಇವತ್ತು ಬೆಳಿಗ್ಗೆ ಗಿಡವನ್ನು ಕಿತ್ತೆ. ಹಾರೆ ಬೇಕಾದೀತು ಎಂದು ಮಿಸೆಸ್ ಚಿಯಾ ಹತ್ತಿರ ಕೇಳಿ ತಂದಿದ್ದೆ. ಬೇಕಾಗಲೇ ಇಲ್ಲ. ಮುಟ್ಟಿದರೆ ಕೈಗೇ ಬಂತು. ಕೆಳಗೆ ಬೇರುಗಳೇ ಇರಲಿಲ್ಲ. ಅವರು ಗೋಡೆಯ ಆಚೆ ನಿಂತು ನೋಡಿದರು.

ಕೈ ತೊಳೆದುಕೊಂಡು ಬಂದು ಬರೆಯುತ್ತಿದ್ದೇನೆ. ನಿನ್ನ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ. ಹವೆ ಒಳ್ಳೆಯದು ಎಂದದ್ದು ಸುಳ್ಳು, ಬೆವರಿ ಸಾಯುತ್ತೀ. ಲ್ಯಾಬಿನವರು ಬೇರೆಯವರನ್ನು ಇಟ್ಟುಕೊಂಡರು. ನೋಡಲು ಮರವೂ ಇಲ್ಲ. ಇಲ್ಲಿಗೆ ಬಂದರೆ ನಿನಗೆ ಒಳ್ಳೆಯದಾಗುತ್ತದೆ ಎನ್ನಲು ನನ್ನ ಹತ್ತಿರ ಒಂದು ಕಾರಣವೂ ಉಳಿದಿಲ್ಲ.

ನನಗೆ ಹಗಲು ಕಳೆಯುವುದಿಲ್ಲ ಭಾಗೀ. ನನಗಾಗಿ ಬಾ.

ವತ್ಸಲಾ